ಅಂಚಿನಿಂದ ಶುರುಮಾಡಿ

ನಾನು ಡಾಕ್ಟರಲ್ಲ. ರೇಡಿಯಾಲಜಿ ವಿಭಾಗದಲ್ಲಿ
ಅರ್ಜಿಗಳ ಗುಮಾಸ್ತೆ, ಇಪ್ಪತ್ತಾರು ವರ್ಷದಿಂದ.
ಸಿರಕ್ಯೂಸಿನಲ್ಲಿ ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ
ನನ್ನ ಪರದೆಯ ಮೇಲೆ ಒಂಬೈನೂರು ಜನ ಬಂದು ನಿಲ್ಲುತ್ತಾರೆ,
ಏಳು ಕುರ್ಚಿಗೆ.

ಎಲ್ಲರ ಪತ್ರವನ್ನೂ ಓದುತ್ತೇನೆ. ಓದೆಂದು ಯಾರೂ ಹೇಳಿಲ್ಲ.
ಊಟದ ಡಬ್ಬಿ ಬಿಚ್ಚಿ, ಕಾಲ ಬಳಿ ಪುಟ್ಟ ಹೀಟರ್ ಹಚ್ಚಿ
ಓದುತ್ತೇನೆ. ಎಲ್ಲರಿಗೂ ಒಬ್ಬ ಅಜ್ಜ, ಅಜ್ಜನಿಗೊಂದು ಗಡ್ಡೆ,
ಎಲ್ಲರಿಗೂ ಚಿಕ್ಕಂದಿನಿಂದ ಒಗಟು ಬಿಡಿಸುವ ಹುಚ್ಚು,
ನೂರಾ ಹನ್ನೊಂದು ಜನಕ್ಕೆ ಫೋಟೋ ತೆಗೆಯುವ ಹವ್ಯಾಸ.
ಹೌದು, ಎಣಿಸಿದ್ದೇನೆ. ಸರೋವರದ ಕಡೆಯಿಂದ ಹಿಮ ಸುರಿಯುವ
ಮಧ್ಯಾಹ್ನಗಳಲ್ಲಿ ಎಣಿಸದೆ ಇನ್ನೇನು ಮಾಡಲಿ?

ಮೊದಲು ಜರಡಿ. ಇಂತಿಷ್ಟು ಅಂಕಕ್ಕಿಂತ ಕೆಳಗಿನವರು
ಒಂದು ಗುಂಡಿ ಒತ್ತಿದರೆ ಉದುರುತ್ತಾರೆ,
ಸದ್ದಿಲ್ಲ, ಧೂಳಿಲ್ಲ.
ಹಾಗೆ ಉದುರಿದವಳು ಜೊಲೀನ್ ಪ್ರುಯಿಟ್,
ನಾಲ್ಕೇ ಅಂಕ ಕಡಿಮೆ, ವಯಸ್ಸು ಮೂವತ್ತೊಂಬತ್ತು,
ಊರು ಓಹಾಯೋದ ಝೇನ್ಸ್‌ವಿಲ್.

ಅವಳ ಪತ್ರದಲ್ಲಿ ಅಜ್ಜ ಇರಲಿಲ್ಲ.
"ಎಂಟು ವರ್ಷ ಎಕ್ಸ್‌ರೇ ತೆಗೆಯುತ್ತಿದ್ದೆ," ಎಂದು ಶುರು.
"ಆ ಕೆಲಸಕ್ಕೆ ಎರಡೇ ಮಾತು ಸಾಕಿತ್ತು.
ಉಸಿರು ಬಿಗಿಹಿಡಿಯಿರಿ. ಈಗ ಬಿಡಿ.
ಒಮ್ಮೆ ಟೈಲ್ ಕಾರ್ಖಾನೆಯವನೊಬ್ಬ
ಭುಜನೋವೆಂದು ಬಂದ. ಭುಜ ಚೆನ್ನಾಗಿಯೇ ಇತ್ತು.
ಚಿತ್ರದ ಅಂಚಿನಲ್ಲಿ, ಶ್ವಾಸಕೋಶದ ತುದಿಯಲ್ಲಿ,
ಒದ್ದೆ ಬೆರಳು ಒತ್ತಿದಂಥ ಒಂದು ಬಿಳಿ.
ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದ, ಎಲ್ಲ ಸರಿ ಇದೆಯಾ?
ಡಾಕ್ಟರು ಹೇಳುತ್ತಾರೆ, ಅಂದೆ.
ಹೇಳುವ ಅಧಿಕಾರ ನನಗಿರಲಿಲ್ಲ.
ಹೋಗುವಾಗ ತಮಾಷೆಗೆ ಸಲಾಮು ಹೊಡೆದ, ನೋವಿಲ್ಲದ ಕೈಯಿಂದ.
ಕಂಡದ್ದನ್ನು ಕಂಡೆ ಎನ್ನುವ ಹಕ್ಕು ಬೇಕು.
ಅದಕ್ಕೇ ಈ ಅರ್ಜಿ."

ಅಷ್ಟೇ. ಅರ್ಧ ಪುಟ. ಉಳಿದರ್ಧ ಖಾಲಿ.

ಎದ್ದು ಕಾಫಿ ತಂದೆ, ಕುಡಿಯಲಿಲ್ಲ.
ನೆಲಮಾಳಿಗೆಯಲ್ಲಿದೆ ಅವರ ಕತ್ತಲೆ ಕೋಣೆ,
ನಡುಹಗಲಲ್ಲೂ ಬೂದು ಬೆಳಕಿನಲ್ಲಿ ತೇಲುವ ಮುಖಗಳು,
ಮೈಕಿಗೆ ಗುನುಗುವ ವರದಿಗಳು.
ಸಹಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನಿಲ್ಲುತ್ತೇನೆ,
ಕಣ್ಣು ಕತ್ತಲಿಗೆ ಒಗ್ಗುವ ತನಕ.
ಇಷ್ಟು ವರ್ಷದಲ್ಲಿ ನನಗೂ ಕಂಡಿದೆ
ಯಾರು ಓದುತ್ತಾರೆ, ಯಾರು ಬರೀ ನೋಡುತ್ತಾರೆ.
ನನ್ನನ್ನು ಯಾರೂ ಕೇಳಿಲ್ಲ.

ಆ ಸಂಜೆ ಅವಳನ್ನು ಹೆಕ್ಕಿ ಮೇಲಿನ ರಾಶಿಗೆ ಹಾಕಿದೆ.
ಕಾರಣದ ಕಾಲಮ್ಮಿನಲ್ಲಿ "ಅನುಭವ" ಎಂದು ಬರೆದೆ.
ಯಾರದೆಂದು ಬರೆಯಲಿಲ್ಲ.

ಜನವರಿಯ ಸಂದರ್ಶನ. ಪರದೆಯ ಚೌಕದಲ್ಲಿ ಅವಳು,
ಹಿಂದೆ ಅಡುಗೆಮನೆ, ನಿಂತುಹೋದ ಗಡಿಯಾರ.
ಡಾಕ್ಟರ್ ಹಾಲ್ವರ್ಸನ್ ಒಂದು ಚಿತ್ರ ಹಾಕಿ
ಏನು ಕಾಣುತ್ತದೆ, ಎಂದರು.
ಎಷ್ಟೋ ಹೊತ್ತು ಮಾತಿಲ್ಲ. ನೆಟ್ ಹೋಯಿತೆಂದುಕೊಂಡೆ.
"ಮೊದಲು ಅಂಚು ನೋಡುತ್ತಿದ್ದೇನೆ," ಅಂದಳು,
"ನಡುವಿನದನ್ನು ಎಲ್ಲರೂ ನೋಡುತ್ತಾರೆ."
ಯಾರೋ ಕೆಮ್ಮಿದರು. ಸಮಯವಾಗಿತ್ತು.

ಮಾರ್ಚಿನ ಶುಕ್ರವಾರ ಏಳು ಹೆಸರು ಬಂದವು.
ಅವಳದಿರಲಿಲ್ಲ. ಎರಡು ಸಲ ಓದಿದೆ.
ಬೇರೆ ಊರಿನವರು ಕರೆದುಕೊಂಡರೋ, ಇಲ್ಲವೋ,
ನನ್ನ ಕಂಪ್ಯೂಟರಿಗೆ ಗೊತ್ತಾಗುವ ಸಂಗತಿಯಲ್ಲ ಅದು.
ಆ ಏಳು ಜನರಿಗೆ ಗುರುತಿನ ಚೀಟಿ ಮಾಡಿಸಿದೆ,
ಪಾರ್ಕಿಂಗ್ ಪಾಸು, ಬಿಳಿಕೋಟಿನ ಅಳತೆ.

ಏಪ್ರಿಲಿನಲ್ಲಿ ನನ್ನ ಎಡಭುಜ,
ಚಳಿಗಾಲವೆಲ್ಲ ಕಾರಿನ ಮೇಲಿನ ಹಿಮ ಬಾಚಿ ಬಾಚಿ.
ಕಿವಿಗೆ ರಿಂಗು ಹಾಕಿದ ಹುಡುಗ
ತಣ್ಣನೆ ಹಲಗೆಗೆ ನನ್ನ ಒರಗಿಸಿ ಗಾಜಿನಾಚೆ ಹೋದ.
ಉಸಿರು ಬಿಗಿಹಿಡಿಯಿರಿ, ಅಂದ.
ಹಿಡಿದೆ.
ಈಗ ಬಿಡಿ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತ
ನಾನು ಏನೂ ಕೇಳಲಿಲ್ಲ, ಚಿತ್ರದ ಕಡೆ ತಿರುಗಲಿಲ್ಲ.
ಅವನ ಮುಖ ನೋಡಿದೆ,
ಅಂಚಿನಿಂದ ಶುರುಮಾಡಿ.